ದೂರು ಕೊಡುವವರ ಧರ್ಮ

ಊರ ಚಿಂತೆ ಮಾಡಿ ಮುಲ್ಲಾ ಸೊರಗಿದ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಇದೆ. ಕಲ್ಯಾಣ ಕರ್ನಾಟಕದ ಸೇಡಂ, ಚಿತ್ತಾಪುರದ ಕಡೆ ಅದೇ ಮಾತನ್ನು ಇನ್ನೂ ಮೊಟಕಾಗಿ ಹೇಳುತ್ತಾರೆ: ‘ಊರ ಉಸಾಬರಿ ನಮಗ್ಯಾಕ್ರಿ?’ ನಳಕ್ಕೆ ನೀರು ಬಾರದೆ ದಿನಗಳಾಗಲಿ, ಓಣಿಯ ಗಟಾರ ತುಂಬಿ ಹೊಸ್ತಿಲಿಗೆ ಬರಲಿ, ಕಂಬದ ದೀಪ ಹಗಲೆಲ್ಲ ಉರಿದು ರಾತ್ರಿ ಆರಿಹೋಗಲಿ, ಮಾತು ಅಲ್ಲಿಗೇ ಮುಗಿಯುತ್ತದೆ. ಹಾಗೆಂದು ಜನ ಸುಮ್ಮನಿರುತ್ತಾರೆಯೇ? ಚಹಾದಂಗಡಿಯಲ್ಲಿ, ಕಿರಾಣಿ ಕಟ್ಟೆಯಲ್ಲಿ, ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಕಾಯುವಾಗ ಪುರಸಭೆಯ ಜಾತಕವೇ ಬಿಚ್ಚಿಕೊಳ್ಳುತ್ತದೆ. ಕಚೇರಿಯ ಮೆಟ್ಟಿಲು ಹತ್ತಿ ಹೇಳುವವರು ಮಾತ್ರ ಕಡಿಮೆ. ಹತ್ತಿದವರ ಮೇಲೆ ಕೂಡಲೇ ಎರಡು ಅನುಮಾನ: ಇವನಿಗೇನೋ ಲಾಭವಿರಬೇಕು, ಇಲ್ಲವೇ ಮುಂದಿನ ಚುನಾವಣೆಗೆ ನಿಲ್ಲುವ ತಯಾರಿ ಇರಬೇಕು.

ಆಡಳಿತದವರು ಇದನ್ನು ಸಾರ್ವಜನಿಕ ಸಹಭಾಗಿತ್ವದ ಕೊರತೆ ಎಂದು ಬರೆದುಕೊಂಡು ಒಂದು ಆ್ಯಪ್, ಒಂದು ಸಹಾಯವಾಣಿ ಕೊಡುತ್ತಾರೆ. ಕೊಡಲಿ, ಬೇಕು. ಆದರೆ ಆ ಅನುಮಾನದ ಬುಡದಲ್ಲಿರುವುದು ಯಂತ್ರದಿಂದ ಬಗೆಹರಿಯುವ ಸಂಗತಿಯಲ್ಲ, ಧರ್ಮದ ಪ್ರಶ್ನೆ. ಇನ್ನೊಬ್ಬರ ಕೆಲಸದಲ್ಲಿನ ತಪ್ಪನ್ನು ಎತ್ತಿ ಆಡುವುದು ಕರ್ತವ್ಯವೋ ಚಾಡಿಯೋ? ಓದುಬರಹ ಬಾರದವರು ಕಂಡದ್ದಕ್ಕೆ ಎಷ್ಟು ತೂಕ? ಕಡತ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದರೆ ನಂಬಬೇಕಾದದ್ದು ಯಾವುದನ್ನು? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದರೆ ಹೊರಗಿನವರಿಗೆ ಸಿಮೆಂಟು, ಫರಸಿ, ತೊಗರಿ ನೆನಪಾಗುತ್ತವೆ. ಇಂಥ ಪ್ರಶ್ನೆಗಳನ್ನು ಗಟ್ಟಿಯಾಗಿ ಚರ್ಚಿಸಿದವರ ಹೆಜ್ಜೆಗಳೂ ಇದೇ ಸುಣ್ಣದ ಕಲ್ಲಿನ ನೆಲದ ಮೇಲಿವೆ.

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಈ ನಾಡಿನ ಜನರನ್ನು ಹೊಗಳಿದ್ದು ಎಲ್ಲರಿಗೂ ಗೊತ್ತು: ಕುರಿತು ಓದದೆಯೂ ಕಾವ್ಯದ ಮರ್ಮ ಬಲ್ಲವರು ಎಂದು. ಅದೇ ಭಾಗದಲ್ಲಿ ಅಷ್ಟಾಗಿ ಭಾಷಣಕ್ಕೆ ಬಾರದ ಇನ್ನೊಂದು ಮಾತಿದೆ. ಕೃತಿಯಲ್ಲಿ ಚಿಕ್ಕದೊಂದು ದೋಷ ಕಂಡರೂ ಸಾಕು, ಜಾಣರಿರಲಿ ಅಲ್ಲದವರಿರಲಿ, ಅದನ್ನೇ ಹಿಡಿದು ಆಡಿಬಿಡುತ್ತಾರೆ ಎನ್ನುತ್ತದೆ ಅದು. ರಾಜನ ಆಸ್ಥಾನದ ಗ್ರಂಥವೊಂದು ಪ್ರಜೆಗಳ ಈ ಗುಣವನ್ನು ಕಂಡು ಅದಕ್ಕೆ ತಕ್ಕಂತೆ ಎಚ್ಚರದಿಂದ ಬರೆಯಿರಿ ಎಂದು ಕವಿಗಳಿಗೆ ಬುದ್ಧಿ ಹೇಳಿತೇ ಹೊರತು, ಬಾಯಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳಲಿಲ್ಲ. ಇಂದಿನ ಗುತ್ತಿಗೆದಾರರಿಗೂ ಯಾರಾದರೂ ಹೀಗೆ ಒಂದು ಮಾರ್ಗ ಬರೆದುಕೊಟ್ಟಿದ್ದರೆ ಚೆನ್ನಾಗಿತ್ತು.

ಮಳಖೇಡದೊಂದಿಗೆ ಹೆಣೆದುಕೊಂಡ ಇನ್ನೊಂದು ಹೆಸರು ಜಯತೀರ್ಥರದು. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದು ಟೀಕಾಚಾರ್ಯರೆಂದೇ ಹೆಸರಾದ ಇವರು 14ನೇ ಶತಮಾನದವರು. ಅವರ ಗುರು ಅಕ್ಷೋಭ್ಯತೀರ್ಥರ ಬೃಂದಾವನ ಅಲ್ಲೇ ಕಾಗಿಣಾ ನದಿಯ ದಂಡೆಯ ಮೇಲಿದೆ. ಜಯತೀರ್ಥರ ನ್ಯಾಯಸುಧಾ ಪಂಡಿತರ ಪಾಲಿನ ಗ್ರಂಥ. ಪ್ರಮಾಣಪದ್ಧತಿ ಹಾಗಲ್ಲ; ತಿಳಿವು ಎಂದರೇನು, ಅದು ನಿಜವೆಂದು ಗೊತ್ತಾಗುವುದು ಹೇಗೆ ಎಂಬುದನ್ನು ಕಲಿಯುವವರಿಗೆ ಬಿಡಿಸಿ ಹೇಳುವ ಚಿಕ್ಕ ಪುಸ್ತಕ. ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಪ್ರಮಾಣ. ಶಾಸ್ತ್ರವಾಕ್ಯಕ್ಕೆ ತಲೆಬಾಗುವ ಪರಂಪರೆಯೇ ಇದು. ಆದರೂ ಒಂದು ವಿಷಯದಲ್ಲಿ ಅದರದು ಬಲವಾದ ಹಟ. ಶಾಸ್ತ್ರದ ಮಾತು ಯಾವ ಅನುಭವವನ್ನು ಆಧಾರವಾಗಿಟ್ಟುಕೊಂಡು ಹೊರಟಿದೆಯೋ ಆ ಅನುಭವವನ್ನೇ ಅದು ಅಲ್ಲಗಳೆಯಲಾರದು. ಆಧಾರವಾದದ್ದನ್ನು ಅವರು ಉಪಜೀವ್ಯ ಎಂದು ಕರೆದರು. ಆಗಮವಾಕ್ಯ ತೋರಿಸಿ, ನೀನು ಕಂಡದ್ದು ಸುಳ್ಳು ಎನ್ನುವವರಿಗೆ ಇಲ್ಲಿ ಸುಲಭದ ಗೆಲುವಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಅದು ಕಣ್ಣಿನ ಪೂಜೆಯಾಗುತ್ತಿತ್ತು. ಕಾಮಾಲೆ ಹಿಡಿದವನಿಗೆ ಶಂಖ ಹಳದಿಯಾಗಿ ಕಾಣುತ್ತದೆ, ದೂರದ ಕಪ್ಪೆಚಿಪ್ಪು ಬೆಳ್ಳಿಯಾಗಿ ಹೊಳೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸಂಶಯ ಬಂದಲ್ಲಿ ಪರೀಕ್ಷಿಸಬೇಕು; ಪರೀಕ್ಷೆಯಲ್ಲಿ ನಿಂತದ್ದನ್ನು ಒಳಗಿನ ಸಾಕ್ಷಿ ನಿಶ್ಚಯವೆಂದು ಒಪ್ಪುತ್ತದೆ; ಹಾಗೆ ಒಪ್ಪಿದ್ದನ್ನು ಮತ್ತೆ ಯಾವ ವಾಕ್ಯವೂ ಕದಲಿಸಲಾರದು. ಅವರ ವಾದವೆಲ್ಲ ಜೀವ–ಬ್ರಹ್ಮರ ಭೇದದ ಕುರಿತು, ಗಟಾರದ ಕುರಿತಲ್ಲ ಎಂಬುದು ನಿಜ. ಆದರೂ ಪುರಸಭೆಯ ಕಡತದ ಮುಂದೆ ನಿಂತವನಿಗೆ ಈ ತರ್ಕ ಹೊಸದೆನಿಸುವುದಿಲ್ಲ.

ಕಡತದ ಆಗಮ ಇರುವುದು ಅಳತೆ ಪುಸ್ತಕದಲ್ಲಿ. ಕಚೇರಿಯಲ್ಲಿ ಅದನ್ನು ಎಂ.ಬಿ. ಎನ್ನುತ್ತಾರೆ. ಇಂಜಿನಿಯರು ಅದರಲ್ಲಿ ಉದ್ದ, ಅಗಲ, ದಪ್ಪ ಬರೆದ ಮೇಲೆಯೇ ಬಿಲ್ಲು. ಆರು ಇಂಚಿನ ಕಾಂಕ್ರೀಟು ಎಂದು ಬರೆದದ್ದು ರಸ್ತೆಯಲ್ಲಿ ನಾಲ್ಕೇ ಇಂಚು ಇದ್ದರೆ, ರೂಪಾಯಿ ನಂಬುವುದು ಪುಸ್ತಕವನ್ನು, ಓಣಿಯವರು ನಂಬುವುದು ರಸ್ತೆಯನ್ನು. ಹಾಗೆ ನೋಡಿದರೆ ಆ ಪುಸ್ತಕವೂ ಯಾರೋ ಹೋಗಿ ಕಣ್ಣಾರೆ ಅಳೆದರು ಎಂಬ ನಂಬಿಕೆಯ ಮೇಲೆಯೇ ನಿಂತದ್ದು. ಸ್ಥಳಕ್ಕೇ ಹೋಗದೆ ಬರೆದ ಅಳತೆಗೆ ಓಣಿಯವರ ಕಣ್ಣನ್ನು ಸುಳ್ಳು ಮಾಡುವ ಅಧಿಕಾರ ಎಲ್ಲಿಂದ ಬರಬೇಕು?

ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರ್‌ನಲ್ಲಿ ನಡೆದದ್ದು ಇಂಥದೇ ಪರೀಕ್ಷೆ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಗಳ ಲೆಕ್ಕವನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಓದು ಬಾರದವರೂ ಕೇಳಿ, ಆ ಕೆಲಸ ಆಗಿಲ್ಲ, ಆ ಕೂಲಿ ನಮಗೆ ಬಂದಿಲ್ಲ ಎಂದು ಎದ್ದು ನಿಲ್ಲುವ ಜನಸುನವಾಯಿಯ ಪದ್ಧತಿ ಅಲ್ಲಿಂದ ಬೆಳೆಯಿತು. ಆ ಚಳವಳಿಯ ಒತ್ತಡ ದೇಶಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ತಂದುಕೊಟ್ಟಿತು. ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲಿ, ತನ್ನದೊಂದು ಮಾಹಿತಿ ಹಕ್ಕು ಕಾನೂನು ಮಾಡಿಕೊಂಡಿತ್ತು.

ಆ ಕೇಂದ್ರ ಕಾಯ್ದೆಯ 2(ಜೆ) ಕಲಮನ್ನು ಹೆಚ್ಚಿನವರು ಓದುವುದಿಲ್ಲ. ಮಾಹಿತಿ ಹಕ್ಕು ಎಂದರೆ ಹತ್ತು ರೂಪಾಯಿ ಕಟ್ಟಿ ಜೆರಾಕ್ಸ್ ಪಡೆಯುವುದು ಎಂದೇ ಜನ ತಿಳಿದಿದ್ದಾರೆ. ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕು, ಬಳಸಿದ ವಸ್ತುವಿನ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೂಡ ಅದೇ ಕಲಮಿನಲ್ಲಿವೆ. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ ಎಂದು ಸಾಲುಸಾಲಾಗಿ ಸಿಮೆಂಟು ಬೇಯುವ ಸೀಮೆ ಇದು. ಸಿಮೆಂಟು–ಮರಳಿನ ಪ್ರಮಾಣದಲ್ಲಿ ಕೈ ಆಡಿಸಿ ಪಳಗಿದ ಗೌಂಡಿಗಳು, ಕಾರ್ಖಾನೆಯಿಂದ ನಿವೃತ್ತರಾದವರು ಇಲ್ಲಿ ಓಣಿಗೆ ಒಬ್ಬರಾದರೂ ಸಿಗುತ್ತಾರೆ. ತಮ್ಮ ಓಣಿಯ ರಸ್ತೆಯ ಕಾಂಕ್ರೀಟಿನ ಮಾದರಿ ಕೇಳುವ ಹಕ್ಕನ್ನು ಬಳಸಲು ಇವರಿಗಿಂತ ಯೋಗ್ಯರು ಯಾರಿದ್ದಾರೆ?

ಇಲ್ಲಿಯವರೆಗೆ ನೋಡುವವರ ಮಾತಾಯಿತು. ಕೇಳಿಸಿಕೊಳ್ಳುವವರ ಮಾತಿಗೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೇ ಹೋಗಬೇಕು.

ಭೀಮಾ ದಂಡೆಯ ಸನ್ನತಿ ಚಂದ್ರಲಾಂಬೆಯ ಕ್ಷೇತ್ರ. 1980ರ ದಶಕದ ಕೊನೆಯ ಭಾಗದಲ್ಲಿ ಅಲ್ಲಿಯ ಕಾಳಿಕಾ ಗುಡಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲುಚಪ್ಪಡಿಯ ಎರಡೂ ಬದಿಗೆ ಬ್ರಾಹ್ಮಿ ಅಕ್ಷರ ಕಂಡವು. ಅಶೋಕನ ಶಾಸನ. ಶತಮಾನಗಳ ಕಾಲ ದೇವಿಯನ್ನು ಹೊತ್ತ ಕಲ್ಲಿನಲ್ಲಿ ಸಾಕಷ್ಟು ಅಕ್ಷರಗಳು ಹೋಗಿವೆ. ಉಳಿದದ್ದನ್ನು ವಿದ್ವಾಂಸರು ಓದಿದರು: ಒಂದು ಬದಿಗೆ 12 ಮತ್ತು 14ನೇ ಬಂಡೆಶಾಸನಗಳ ಭಾಗ, ಇನ್ನೊಂದು ಬದಿಗೆ ಪ್ರತ್ಯೇಕ ಶಾಸನಗಳೆಂದು ಕರೆಯುವ ಎರಡು. ಈ ಪ್ರತ್ಯೇಕ ಶಾಸನಗಳು ಅದುವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಗೊತ್ತಿದ್ದವು. ಸಮೀಪದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಬರೆದ ರಾಜನ ಉಬ್ಬುಶಿಲ್ಪವೂ ಸಿಕ್ಕಿತು. ಪ್ರವಾಸಿಗಳು ಹೋಗುವುದು ಆ ಶಿಲ್ಪಕ್ಕಾಗಿ. ನಗರಾಡಳಿತದ ಬಗ್ಗೆ ಕುತೂಹಲ ಇರುವವರಿಗೆ ಆ ಚಪ್ಪಡಿಯೇ ಹೆಚ್ಚಿನದು.

ಏಕೆಂದರೆ ಮೊದಲ ಪ್ರತ್ಯೇಕ ಶಾಸನ ಪ್ರಜೆಗಳಿಗೆ ಬರೆದದ್ದಲ್ಲ, ನಗರದ ಅಧಿಕಾರಿಗಳಿಗೆ ಬರೆದದ್ದು. ಧೌಲಿಯ ಪಾಠದಲ್ಲಿ ತೋಸಲಿ ನಗರದ ನ್ಯಾಯ ನೋಡುವ ಮಹಾಮಾತ್ರರನ್ನು ನೇರವಾಗಿ ಉದ್ದೇಶಿಸಿದೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಅಶೋಕನ ಹೆಸರಾಂತ ಘೋಷಣೆ ಇದರದೇ; ಅದರ ಮುಂದಿನ ಭಾಗವೇ ಆಡಳಿತಕ್ಕೆ ಬೇಕಾದದ್ದು. ಕಾರಣವಿಲ್ಲದೆ ಒಬ್ಬ ಸೆರೆಯಾಗುತ್ತಾನೆ, ಹಿಂಸೆ ಪಡುತ್ತಾನೆ, ಅದರಿಂದ ಸುತ್ತಲಿನ ಅನೇಕರು ನೋಯುತ್ತಾರೆ. ಹಾಗಾಗದಂತೆ ನೋಡಿಕೊಳ್ಳಿ ಎನ್ನುತ್ತಾನೆ ಅರಸ. ಹಾಗಾಗುವುದು ಏಕೆ ಎಂಬುದಕ್ಕೆ ಅವನು ಕೊಡುವ ಕಾರಣಗಳ ಪಟ್ಟಿಯನ್ನು ಯಾವ ಪುರಸಭೆಯ ಗೋಡೆಗಾದರೂ ತೂಗುಹಾಕಬಹುದು: ಅಸೂಯೆ, ಮುಂಗೋಪ, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು.

ಕೊನೆಯದನ್ನು ಕೊಂಚ ಗಮನಿಸಬೇಕು. ಲಂಚ ಈ ಪಟ್ಟಿಯಲ್ಲಿಲ್ಲ, ದಣಿವು ಇದೆ. ಅರ್ಜಿಯ ಮೇಲೆ ಅರ್ಜಿ ಬಿದ್ದು, ಇಬ್ಬರು ಮೂವರ ಕೆಲಸ ಒಬ್ಬರ ಮೇಜಿಗೆ ಬಂದು, ಎದುರಿಗೆ ನಿಂತವರ ಮುಖವನ್ನೇ ನೋಡದ ಸ್ಥಿತಿ. ಖಾಲಿ ಹುದ್ದೆಗಳ ಮಾತು ಕಲ್ಯಾಣ ಕರ್ನಾಟಕದಲ್ಲಿ ಹಳೆಯದು. 2012ರ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೂ ಅದು ನಿಂತಿಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ಸಕಾಲ ಕಾಯ್ದೆ ವಿಳಂಬಕ್ಕೆ ಬೆಲೆ ಕಟ್ಟಿತು: ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಸೋಮಾರಿತನಕ್ಕೆ ಇದು ಮದ್ದಾದೀತು. ದಣಿದವನಿಗೆ ಇದರಿಂದ ಬರುವುದು ಆತುರ, ಮತ್ತು ಆತುರವೂ ಅರಸನ ಪಟ್ಟಿಯಲ್ಲೇ ಇದೆ. ಗಡುವಿನೊಳಗೆ ದೂರು ‘ಇತ್ಯರ್ಥ’ವಾಗಬೇಕೆಂಬ ಒತ್ತಡದಲ್ಲಿ ಗಟಾರಕ್ಕಿಂತ ಮೊದಲು ಕಡತ ಸ್ವಚ್ಛವಾಗುವ ಅಪಾಯ ಇದ್ದೇ ಇದೆ.

ಶಾಸನದ ಕೊನೆಯಲ್ಲಿ ಇನ್ನೊಂದು ಸೂಚನೆ ಇದೆ. ತಿಷ್ಯ ನಕ್ಷತ್ರದ ದಿನಗಳಂದು ಇದನ್ನು ಓದಿ ಕೇಳಿಸಬೇಕು. ನಡುವಿನ ದಿನಗಳಲ್ಲಿ ಕೇಳುವವರು ಒಬ್ಬರೇ ಇದ್ದರೂ ಸರಿ. ಒಬ್ಬರಿಗಾಗಿಯೂ ಓದು! ಇಷ್ಟು ಶತಮಾನಗಳ ಆಚೆ ಅಂಥದೇ ಒಂದು ನಿಯಮ ಇದೇ ಸೀಮೆಯ ಸುಣ್ಣದ ಕಲ್ಲಿನ ಗಣಿಗಳಿಗೂ ಸಿಮೆಂಟು ಕಾರ್ಖಾನೆಗಳಿಗೂ ಅನ್ವಯವಾಗುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ ಕೋರಂ ಬೇಕಿಲ್ಲ. ಬಂದವರು ಎಷ್ಟೇ ಇರಲಿ ಸಭೆ ನಡೆಯಬೇಕು, ನಡಾವಳಿಯ ಸಾರವನ್ನು ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಅದೇ ದಿನ ಅಧಿಕಾರಿಯ ಸಹಿ ಬೀಳಬೇಕು. ಕಾರ್ಖಾನೆಯ ದೂಳಿನ ಬಗ್ಗೆ ಹೇಳಲು ಕಾನೂನು ಇಷ್ಟು ಕಟ್ಟುನಿಟ್ಟಿನ ವೇದಿಕೆ ಕೊಟ್ಟಿದೆ.

ಪಟ್ಟಣದ ನಿತ್ಯದ ಬದುಕಿಗೆ? 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಸೇಡಂನಿಂದ ಚಿಂಚೋಳಿಯವರೆಗೆ ಹೆಸರಿಸಿದ ಐದು ಊರುಗಳಲ್ಲಿ ಯಾವುದೂ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಚಿಂಚೋಳಿಯಿಂದ ನಾಲ್ಕು ಮೈಲಿ ಆಚೆ ಹಳ್ಳಿಯಲ್ಲಿದ್ದರೆ ಗ್ರಾಮಸಭೆ ಇದೆ, ವಾರ್ಡ್ ಸಭೆ ಇದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಸಾಮಾಜಿಕ ಲೆಕ್ಕಪರಿಶೋಧನೆಯ ಅಧಿಕಾರವನ್ನು ಆ ಸಭೆಗೇ ಕೊಟ್ಟಿತ್ತು. ಅದೇ ಮನುಷ್ಯ ಬಸ್ಸು ಹತ್ತಿ ಪಟ್ಟಣಕ್ಕೆ ಬಂದು ಮನೆ ಮಾಡಿದರೆ, ಲೆಕ್ಕ ಓದಿಸಿ ಕೇಳುವ ಸಂವಿಧಾನಬದ್ಧ ಸಭೆ ಅವನಿಗಿಲ್ಲ. ಅವನ ಪಾಲಿಗೆ 1902 ಎಂಬ ದೂರವಾಣಿ ಸಂಖ್ಯೆ ಇದೆ. ದೊಡ್ಡ ಊರಿಗೆ ಸಮಿತಿ, ಹಳ್ಳಿಗೆ ಸಭೆ, ನಡುವಿನ ಊರಿಗೆ ಸಹಾಯವಾಣಿ! ವಾಡಿಯಲ್ಲಿ ಇನ್ನೊಂದು ತೊಡಕೂ ಉಂಟು. ಊರು ಕಾರ್ಖಾನೆಯ ಜೊತೆ ಬೆಳೆದದ್ದು. ಜನಗಣತಿಯ ಪಟ್ಟಿಯಲ್ಲೇ ವಾಡಿ ಬೇರೆ, ವಾಡಿ ಎಸಿಸಿ ಬೇರೆ. ಕಂಪನಿ ನೋಡಿಕೊಳ್ಳುವ ಕಾಲೊನಿಯ ನೀರು, ದೀಪಗಳ ಲೆಕ್ಕವನ್ನು ಪುರಸಭೆಯ ಕಡತ ತೆಗೆಸಿ ಕೇಳಲಾಗದು.

ಬೆಂಗಳೂರಿನಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದ್ದರು. ಸ್ಯಾಮುಯೆಲ್ ಪಾಲ್ 1994ರಲ್ಲಿ ನೀರು, ವಿದ್ಯುತ್, ಪಾಲಿಕೆ, ಬಿಡಿಎಗಳಿಗೆಲ್ಲ ಜನರಿಂದ ಅಂಕ ಹಾಕಿಸಿ ಪ್ರಗತಿಪತ್ರ ಪ್ರಕಟಿಸಿದರು. ಅವರು ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1999ರಲ್ಲಿ, 2003ರಲ್ಲಿ ಮತ್ತೆ ಅಳೆಯಿತು. ಪತ್ರಿಕೆಗಳು ಬರೆದವು, ಸಂಸ್ಥೆಗಳಿಗೆ ಮುಜುಗರವಾಯಿತು, ಕೆಲವು ಸುಧಾರಿಸಿದವು. ಒಬ್ಬೊಬ್ಬರ ಗೊಣಗಾಟವನ್ನು ಅಂಕಿಸಂಖ್ಯೆಯಾಗಿಸಿ, ದೂರು ಕೊಟ್ಟವರ ಮೇಲಿನ ಅನುಮಾನವನ್ನು ಅದು ತೊಡೆದುಹಾಕಿತು ಎಂಬುದು ದೊಡ್ಡ ಲಾಭ. ಆದರೆ ಅಂಕ ಹಾಕುವವರು ಗಿರಾಕಿಗಳಾಗಿ ಉಳಿಯುತ್ತಾರೆ. ಗಿರಾಕಿಗೆ ಅಂಗಡಿಯವನ ದಣಿವಿನ ಚಿಂತೆ ಬೇಕಿಲ್ಲ, ಊರಿನವನಿಗೆ ಬೇಕು.

ಸನ್ನತಿಯ ಚಪ್ಪಡಿಯ ಮತ್ತೊಂದು ಬದಿ ನೆನಪಾಗಬೇಕಾದದ್ದು ಇಲ್ಲೇ. ಅಲ್ಲಿರುವ 12ನೇ ಶಾಸನ ಮಾತಿನ ಸಂಯಮದ್ದು. ಅದರ ವಿಷಯ ಮತಪಂಥಗಳು: ಸಂದರ್ಭವಿಲ್ಲದೆ ತನ್ನದನ್ನು ಹೊಗಳಬೇಡ, ಪರರದ್ದನ್ನು ತೆಗಳಬೇಡ, ಸಂದರ್ಭ ಬಂದರೂ ಮಿತವಾಗಿರಲಿ. ಟೀಕೆಯನ್ನು ಅದು ಪೂರ್ತಿ ನಿಷೇಧಿಸುವುದಿಲ್ಲ ಎಂಬುದೇ ಅದರ ಹದ. ಅದೇ ಅರಸ ಪ್ರತ್ಯೇಕ ಶಾಸನದಲ್ಲಿ, ಐದು ವರ್ಷಕ್ಕೊಮ್ಮೆ ತಪಾಸಣೆಗೆ ಕಳಿಸುವ ಮಹಾಮಾತ್ರ ಕಠೋರನಾಗಿರಬಾರದು, ಉಗ್ರನಾಗಿರಬಾರದು, ಮೃದುವಾಗಿ ನಡೆಯುವವನಾಗಿರಬೇಕು ಎಂದು ಅರ್ಹತೆ ಹೇಳುತ್ತಾನೆ. ತಪ್ಪು ಹುಡುಕಲು ಹೋಗುವವನಿಗೆ ಮೊದಲ ಯೋಗ್ಯತೆ ಸೌಮ್ಯತೆ! ಇಂದಿನ ತಪಾಸಣಾ ತಂಡಗಳನ್ನು ಕಂಡವರು ನಕ್ಕಾರು.

ಬೌದ್ಧ ವಿಹಾರಗಳಲ್ಲಿ ಇದಕ್ಕೆ ಆಚರಣೆಯ ರೂಪವೇ ಇತ್ತು. ಮಳೆಗಾಲದ ಮೂರು ತಿಂಗಳು ಒಂದೆಡೆ ತಂಗಿದ ಭಿಕ್ಷುಗಳು ಕೊನೆಯ ದಿನ ಪವಾರಣೆಗೆ ಕೂಡುತ್ತಿದ್ದರು. ಹಿರಿಯರಿಂದ ಮೊದಲ್ಗೊಂಡು ಒಬ್ಬೊಬ್ಬರೂ ಸಂಘದ ಮುಂದೆ ಕೈಮುಗಿದು, ನನ್ನಲ್ಲಿ ನೀವು ಕಂಡ, ಕೇಳಿದ, ಅನುಮಾನಪಟ್ಟ ತಪ್ಪು ಇದ್ದರೆ ಕರುಣೆಯಿಟ್ಟು ಹೇಳಿ ಎಂದು ಬೇಡಿಕೊಳ್ಳಬೇಕು. ತಪ್ಪು ಹೇಳುವವರಿಗೂ ವಿನಯಪಿಟಕ ಕಟ್ಟಳೆ ಹಾಕಿತ್ತು: ಹೊತ್ತು ನೋಡಿ ಹೇಳಬೇಕು, ನಿಜವನ್ನೇ ಹೇಳಬೇಕು, ಮೆತ್ತಗೆ ಹೇಳಬೇಕು, ಪ್ರಯೋಜನವಿದ್ದರೆ ಹೇಳಬೇಕು, ಮನಸ್ಸಿನಲ್ಲಿ ಮೈತ್ರಿ ಇಟ್ಟುಕೊಂಡು ಹೇಳಬೇಕು. ಕಂಡದ್ದು, ಕೇಳಿದ್ದು, ಅನುಮಾನ ಎಂದು ಮೂರನ್ನು ಬೇರೆಬೇರೆ ಎಣಿಸಿದ್ದರಲ್ಲಿ ಎಷ್ಟು ಎಚ್ಚರವಿದೆ! ನಮ್ಮ ದೂರಿನ ನಮೂನೆಗಳಲ್ಲಿ ಮೂರಕ್ಕೂ ಒಂದೇ ಪೆಟ್ಟಿಗೆ.

ಪುರಸಭೆಯ ಮುಖ್ಯಾಧಿಕಾರಿಯೊಬ್ಬರು ಮಳೆಗಾಲ ಮುಗಿದ ಮೇಲೆ ವಾರ್ಡಿಗೆ ಬಂದು ಕುಳಿತು, ಈ ಮಳೆಯಲ್ಲಿ ನಮ್ಮ ತಪ್ಪು ಏನೇನು ಕಂಡಿತು ಹೇಳಿ ಎಂದು ತಾವಾಗಿ ಕೇಳಿದರೆ ಹೇಗಿದ್ದೀತು? ಗಟಾರದ ಬಗ್ಗೆ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕೇಳುವವರು ತಾವಾಗಿ ಬಂದಾಗ ಹೇಳುವವರ ಮೇಲಿನ ಚಾಡಿಯ ಕಳಂಕ ಅರ್ಧ ಕಳೆಯುತ್ತದೆ. 2023ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನಲ್ಲಿ ಜನಸ್ಪಂದನ ನಡೆಸಿದಾಗ ರಾಜ್ಯದ ಮೂಲೆಮೂಲೆಯಿಂದ ಜನ ಅರ್ಜಿ ಹಿಡಿದು ಬಂದರು. ವಾಡಿಯಿಂದ ಬೆಂಗಳೂರಿಗೆ ಒಂದಿಡೀ ರಾತ್ರಿಯ ರೈಲು. ಓಣಿಯ ಮಾತು ಅಷ್ಟು ದೂರ ಹೋಗಬೇಕಾದರೆ ನಡುವಿನ ಎಷ್ಟು ಬಾಗಿಲು ಮುಚ್ಚಿರಬೇಕು.

ಮೈತ್ರಿಯ ಮಾತು ಬಂದಾಗ ದೂರು ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದನ್ನೂ ನೋಡಬೇಕು. ಕಸದ ಗುಡ್ಡೆಯ ಫೋಟೊ ಮೊಬೈಲಿನಿಂದ ಕಚೇರಿಗೆ, ಕಚೇರಿಯಿಂದ ಆರೋಗ್ಯ ನಿರೀಕ್ಷಕರಿಗೆ, ಅಲ್ಲಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಪೌರಕಾರ್ಮಿಕರಿಗೆ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಅದು ಬೈಗುಳವಾಗುತ್ತದೆ. ಗಾಡಿ ಕೆಟ್ಟು ನಿಂತದ್ದು, ಗಟಾರವನ್ನು ಇಳಿಜಾರಿಲ್ಲದೆ ಕಟ್ಟಿದ್ದು, ಕಸ ಹಾಕಲು ಜಾಗವೇ ಗೊತ್ತು ಮಾಡದಿದ್ದದ್ದು ಯಾವುದೂ ಫೋಟೊದಲ್ಲಿ ಕಾಣುವುದಿಲ್ಲ. ಕಾಣುವುದು ಗುಡಿಸದ ಬೀದಿ. ಗುಡಿಸುವವರು ಹೆಚ್ಚಾಗಿ ದಲಿತರು, ಅವರಲ್ಲಿ ಹೆಂಗಸರು ಬಹಳ. ಅವರ ಹಾಜರಾತಿಗೆ ಬೆರಳಗುರುತಿನ ಯಂತ್ರ ಬಂತು. ಅವರ ಕೈಗವಸು, ಬೂಟು ಬಂದಿದೆಯೇ ಎಂದು ನೋಡುವ ಯಂತ್ರ ಬರಲಿಲ್ಲ.

ಊರಿನ ಯಾವ ಗಟಾರ ಎಲ್ಲಿ ಕಟ್ಟುತ್ತದೆ, ಯಾವ ಓಣಿಗೆ ಗಾಡಿ ಹೋಗುವುದಿಲ್ಲ, ಯಾವ ಫರಸಿಯ ಕೆಳಗೆ ನೀರಿನ ಪೈಪು ಕೊಳಚೆಗೆ ತಾಗಿಕೊಂಡಿದೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಇವರಿಗೆ ಮತ್ತು ನೀರು ಬಿಡುವ ವಾಲ್‌ಮನ್‌ಗಳಿಗೆ. ದಿನಾ ಕೈಯಿಂದ ಮುಟ್ಟಿ ಪರೀಕ್ಷಿಸಿದ ಪ್ರತ್ಯಕ್ಷ ಅವರದು. ಆದರೂ ಸ್ವಚ್ಛ ಸರ್ವೇಕ್ಷಣೆ ಅಭಿಪ್ರಾಯ ಕೇಳುವುದು ನಾಗರಿಕರನ್ನು. ಪೌರಕಾರ್ಮಿಕರು ಆ ಸಮೀಕ್ಷೆಯಲ್ಲಿ ಅಳೆಯಲ್ಪಡುವವರ ಸಾಲಿನಲ್ಲಿದ್ದಾರೆ. ಅವರು ತಮ್ಮ ವರದಿಯನ್ನು ರಾಜ್ಯಕ್ಕೆ ಮುಟ್ಟಿಸಿದ್ದು 2022ರ ಜುಲೈನಲ್ಲಿ, ಪೊರಕೆ ಕೆಳಗಿಟ್ಟು ಮುಷ್ಕರ ಕುಳಿತಾಗ. ಕಾಯಮಾತಿಯ ಭರವಸೆ ಸಿಕ್ಕಿತು. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆ ರಾಜ್ಯದ ಎಲ್ಲ ಪಟ್ಟಣಗಳಲ್ಲಿ ನಡೆಯುತ್ತದೆ. ಅಂದು ಶಾಲು ಹೊದಿಸುತ್ತಾರೆ, ಊಟ ಹಾಕಿಸುತ್ತಾರೆ, ವೇದಿಕೆಯ ಮೇಲಿನವರು ಭಾಷಣ ಮಾಡುತ್ತಾರೆ. ಮೈಕು ಪೌರಕಾರ್ಮಿಕರ ಕೈಗೆ ಕೊಟ್ಟು, ಈ ಊರಿನಲ್ಲಿ ಏನೇನು ಕೆಟ್ಟಿದೆ ಹೇಳಿ ಎಂದು ಕೇಳಿ, ಹೇಳಿದ್ದನ್ನು ಅದೇ ದಿನ ನಡಾವಳಿಯಲ್ಲಿ ಬರೆಸಿ ಸಹಿ ಹಾಕುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.